ಕೊಳಾಯಿಯ ಸದ್ದೂ ಬಾವಿಯ ನೀರೂ

ಬೇಸಗೆಯ ರಜೆಯಲ್ಲಿ ಮುಂಬಯಿಯಿಂದ ಉಡುಪಿ, ಕುಂದಾಪುರ, ಮಂಗಳೂರುಗಳ ಕಡೆಗೆ ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಮನೆಯಂಗಳದ ಬಾವಿ ಪರಿಚಿತವೇ. ರಾಟೆ ಹಗ್ಗಗಳ ಸ್ಥಾನಕ್ಕೆ ಈಗ ವಿದ್ಯುತ್ ಪಂಪು ಬಂದಿದೆ. ಅದು ನೀರನ್ನು ಮಾಳಿಗೆಯ ತೊಟ್ಟಿಗೆ ಏರಿಸುತ್ತದೆ. ಅಲ್ಲಿಂದ ನೀರು ಕೊಳಾಯಿಗಳ ಮೂಲಕ ಬಚ್ಚಲಿಗೂ ಅಡಿಗೆಮನೆಗೂ ಇಳಿಯುತ್ತದೆ. ಈ ಕೊಳಾಯಿಗಳು ಒಮ್ಮೊಮ್ಮೆ ಢಣಢಣಿಸುವುದುಂಟು, ಗುಡುಗುಡಿಸುವುದುಂಟು. ಮನೆಯವರು ಕೆಲವು ದಿನ ಗೊಣಗಿ, ಆಮೇಲೆ ರೂಢಿಮಾಡಿಕೊಳ್ಳುತ್ತಾರೆ. ಆದರೆ ರೂಢಿಮಾಡಿಕೊಳ್ಳಲೇಬಾರದ ಸದ್ದೊಂದು ಇವುಗಳಲ್ಲಿ ಇದೆ. ಅದನ್ನು ಗುರುತಿಸಬೇಕಾದರೆ, ಸದ್ದು ಎಲ್ಲಿ ಕೇಳಿಸಿತು ಎಂಬುದಕ್ಕಿಂತ ಯಾವಾಗ ಕೇಳಿಸಿತು ಎಂಬುದನ್ನು ನಾವು ಮೊದಲು ಗಮನಿಸಬೇಕು.

ನಲ್ಲಿಯನ್ನು ಥಟ್ಟನೆ ಮುಚ್ಚಿದೊಡನೆ ಗೋಡೆಯೊಳಗೆ ಪೆಟ್ಟು ಬಿದ್ದಂತಾದರೆ, ಹೊಡೆದದ್ದು ನೀರೇ. 25 ಮಿಲಿಮೀಟರು ವ್ಯಾಸದ, 20 ಮೀಟರು ಉದ್ದದ ಕೊಳಾಯಿಯಲ್ಲಿ ಸುಮಾರು 10 ಕಿಲೋಗ್ರಾಮು ನೀರಿರುತ್ತದೆ. ಓಡುತ್ತಿರುವ ಇಷ್ಟು ಭಾರವನ್ನು ಒಮ್ಮೆಲೇ ತಡೆದರೆ ಅದರ ರಭಸವೆಲ್ಲ ಒತ್ತಡವಾಗಿ ಮಾರ್ಪಟ್ಟು, ಆ ಒತ್ತಡದ ಅಲೆ ಕೊಳಾಯಿಯುದ್ದಕ್ಕೂ ಹಿಂದೆ ಮುಂದೆ ಓಡಾಡುತ್ತದೆ. 1897-98ರಲ್ಲಿ ಮಾಸ್ಕೋ ನಗರದ ನೀರಿನ ಕೊಳಾಯಿಗಳಲ್ಲಿ ಪ್ರಯೋಗಗಳನ್ನು ನಡೆಸಿ ಇದರ ಲೆಕ್ಕವನ್ನು ಸ್ಪಷ್ಟಪಡಿಸಿದವರು ರಷ್ಯದ ವಿಜ್ಞಾನಿ ನಿಕೊಲಾಯ್ ಝುಕೊವ್‌ಸ್ಕಿ. ಕಬ್ಬಿಣದ ಕೊಳಾಯಿಯಲ್ಲಿ ಸೆಕೆಂಡಿಗೆ ಒಂದು ಮೀಟರು ವೇಗದಿಂದ ಹರಿಯುವ ನೀರನ್ನು ಕ್ಷಣಮಾತ್ರದಲ್ಲಿ ನಿಲ್ಲಿಸಿದರೆ, ಸುಮಾರು 130 ಮೀಟರು ಎತ್ತರದ ನೀರಿನ ಕಂಬ ಒತ್ತುವಷ್ಟು ಹೆಚ್ಚಿನ ಒತ್ತಡ ಹುಟ್ಟುತ್ತದೆ! ಪ್ಲಾಸ್ಟಿಕ್ ಕೊಳಾಯಿಯ ಗೋಡೆ ಕೊಂಚ ಹಿಗ್ಗುವುದರಿಂದ ಅಲ್ಲಿ ಪೆಟ್ಟು ಕಡಿಮೆ. ತಿರುಚಿ ಮುಚ್ಚುವ ಹಳೆಯ ನಲ್ಲಿಗಳಲ್ಲಿ ಈ ಸದ್ದು ಅಪರೂಪ. ಒಂದೇ ತಳ್ಳಿಗೆ ಮುಚ್ಚುವ ಹಿಡಿಯ ನಲ್ಲಿಗಳೂ ಬಟ್ಟೆ ಒಗೆಯುವ ಯಂತ್ರಗಳೂ ಬಂದಮೇಲೆ ಹೆಚ್ಚಿತು. ನಲ್ಲಿಯನ್ನು ನಿಧಾನವಾಗಿ ಮುಚ್ಚುವುದು, ಸಡಿಲವಾದ ಕೊಳಾಯಿಯನ್ನು ಗೋಡೆಗೆ ಬಿಗಿಯುವುದು, ಇವೆರಡರಿಂದಲೇ ಅನೇಕ ಮನೆಗಳಲ್ಲಿ ಶಾಂತಿ ನೆಲೆಸೀತು. ಕೆಲವರು ನಲ್ಲಿಯ ಬಳಿ ಮೇಲ್ತುದಿ ಮುಚ್ಚಿದ ಗಿಡ್ಡ ಕೊಳಾಯಿಯೊಂದನ್ನು ನಿಲ್ಲಿಸುತ್ತಾರೆ. ಅದರೊಳಗಿನ ಗಾಳಿ ಮೆತ್ತೆಯಂತೆ ಕುಗ್ಗಿ ಪೆಟ್ಟನ್ನು ನುಂಗುತ್ತದೆ. ಆ ಗಾಳಿ ಕಾಲಕ್ರಮದಲ್ಲಿ ನೀರಿನಲ್ಲಿ ಕರಗಿಹೋಗುವುದರಿಂದ ಆಗಾಗ ನೀರನ್ನು ಬಸಿದು ಗಾಳಿ ತುಂಬಿಸಬೇಕು.

ಪಂಪು ನಿಂತ ಮರುಕ್ಷಣವೇ ಒಂದೇ ಒಂದು ಪೆಟ್ಟು ಕೇಳಿಸಿದರೆ ಏಕಮುಖ ಕವಾಟವನ್ನು ಸಂಶಯಿಸಬೇಕು. ಮೇಲೇರುತ್ತಿದ್ದ ನೀರು ಹಿಂದಕ್ಕೆ ಬೀಳತೊಡಗಿದ ಮೇಲೆ ಅದು ತಡವಾಗಿ ಮುಚ್ಚಿಕೊಳ್ಳುತ್ತಿದೆ ಎಂದರ್ಥ. ಬೇಗನೆ ಮುಚ್ಚುವ ಸ್ಪ್ರಿಂಗಿನ ಕವಾಟವನ್ನು ಹಾಕಿಸಿದರೆ ಸಾಕು.

ಪಂಪು ನಡೆಯುತ್ತಿರುವಾಗ ಅದರೊಳಗೆ ಜಲ್ಲಿಕಲ್ಲು ಸುರಿದಂತೆ ಸದ್ದಾಗುವುದು ಮೇ ತಿಂಗಳಲ್ಲಿಯೇ ಹೆಚ್ಚು. ಕಾರಣವು ಬಾವಿಯ ನೀರು ತಳ ಕಂಡಿರುವುದು. ಪಂಪು ನೀರನ್ನು ಎಳೆಯುತ್ತದೆಂದು ನಾವು ಹೇಳುತ್ತೇವಾದರೂ, ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುಭಾರ. ಸಮುದ್ರಮಟ್ಟದಲ್ಲಿ ಅದು ಹೆಚ್ಚೆಂದರೆ 10.3 ಮೀಟರು ತಳ್ಳಬಲ್ಲುದು. ವ್ಯವಹಾರದಲ್ಲಿ ಏಳೆಂಟು ಮೀಟರೇ ಮಿತಿ. ಅದನ್ನು ಮೀರಿದಾಗ ನೀರು ಬಿಸಿಯಾಗದೆಯೇ ಆವಿಯ ಗುಳ್ಳೆಗಳಾಗಿ, ಅವು ಪಂಪಿನ ಚಕ್ರದ ಮೇಲೆ ಒಡೆದು ಲೋಹವನ್ನೇ ಕೊರೆಯುತ್ತವೆ. ಇಲ್ಲಿ ಇನ್ನೂ ಬಲವಾದ ಪಂಪನ್ನು ಕೊಳ್ಳುವುದು ವ್ಯರ್ಥ. ತಳದ ಜರಡಿಯಲ್ಲಿ ಎಲೆ ಕೆಸರು ಸಿಕ್ಕಿದ್ದರೆ ತೆಗೆಸಬೇಕು. ಅದೂ ಸಾಲದಿದ್ದರೆ ಪಂಪನ್ನು ಬಾವಿಯೊಳಗಿನ ಮೆಟ್ಟಿಗೆ ಇಳಿಸಬೇಕು, ಅಥವಾ ನೀರಿನಲ್ಲಿ ಮುಳುಗಿ ಕೆಲಸಮಾಡುವ ಪಂಪನ್ನು ಹಾಕಿಸಬೇಕು.

ಇನ್ನು ನಾವು ಮೊದಲು ಸೂಚಿಸಿದ ಸದ್ದು. ಅದು ಅಬ್ಬರದ್ದಲ್ಲ. ಪಂಪಿನಲ್ಲಿ ಗುಳುಗುಳು, ತೊಟ್ಟಿಗೆ ಬೀಳುವ ಧಾರೆಯಲ್ಲಿ ಗಾಳಿ ಬೆರೆತ ಬಿಳಿ ನೊರೆ, ನಡುನಡುವೆ ಕೆಮ್ಮಿದಂತೆ ತಡೆದು ತಡೆದು ಬರುವ ನೀರು. ಬಾವಿಯಿಂದ ಪಂಪಿನವರೆಗಿನ ಕೊಳಾಯಿಯಲ್ಲಿ ಎಲ್ಲಿಯೋ ಸೀಳಿದೆ. ಪಂಪು ನಡೆಯುವಾಗ ಆ ಭಾಗದ ಒಳಗಣ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾದುದರಿಂದ ನೀರು ಹೊರಕ್ಕೆ ಸೋರುವುದಿಲ್ಲ. ಗಾಳಿಯೇ ಒಳಕ್ಕೆ ನುಗ್ಗುತ್ತದೆ. ಒದ್ದೆಯ ಗುರುತು ಕಾಣದಿರುವುದರಿಂದ ಯಾರಿಗೂ ಸಂದೇಹ ಬರುವುದಿಲ್ಲ. ಆ ಕೊಳಾಯಿ ಬಚ್ಚಲಿನ ಕಾಲುವೆಯ ಪಕ್ಕದಲ್ಲಿ ಮಣ್ಣಿನಡಿ ಹಾದುಹೋಗಿದ್ದರೆ ಗಾಳಿಯೊಡನೆ ಕೊಳಚೆಯೂ ಒಳಗೆ ಸೇರುತ್ತದೆ. ಬಾವಿಯ ನೀರು ಎಷ್ಟೇ ತಿಳಿಯಾಗಿರಲಿ, ಲೋಟಕ್ಕೆ ಬರುವುದು ಆ ನೀರಲ್ಲ! ಮುಂಬಯಿಯ ಕಟ್ಟಡಗಳಲ್ಲಿಯೂ ನೆಲದಡಿಯ ತೊಟ್ಟಿಗಿಂತ ಮೇಲೆ ಪಂಪನ್ನು ಇಟ್ಟಿರುವ ಕಡೆ ಇದೇ ಅಪಾಯವುಂಟು.

ಪರೀಕ್ಷೆ ಸುಲಭ. ಪಂಪು ನಡೆಯುತ್ತಿರುವಾಗ ಹಿರಿಯರೊಬ್ಬರು ಪಂಪಿಗಾಗಲಿ ತಂತಿಗಾಗಲಿ ಕೈತಾಗದಂತೆ, ಕಾಣುವ ಜೋಡಣೆಗಳ ಮೇಲೆ ಸಾಬೂನಿನ ನೊರೆಯನ್ನು ಹಚ್ಚಲಿ. ಸೀಳಿರುವೆಡೆ ನೊರೆ ಒಳಕ್ಕೆ ಸೆಳೆದುಹೋಗುತ್ತದೆ. ಮಕ್ಕಳು ಬಾವಿಕಟ್ಟೆಯ ಮೇಲೆ ಬಾಗಬಾರದು. ದುರಸ್ತಿಗೆ ಕೈಹಾಕುವ ಮೊದಲು ವಿದ್ಯುತ್ತನ್ನು ಕಡಿದಿರಬೇಕು. ದುರಸ್ತಿ ಮುಗಿಯುವವರೆಗೆ ಆ ನಲ್ಲಿಯ ನೀರನ್ನು ಕುದಿಸಿಯೇ ಕುಡಿಯಬೇಕು.