ಆಸ್ಪತ್ರೆ ಬಿಲ್ಲಿನ ಆಚೆಗಿನ ಲೆಕ್ಕ

ಅಮ್ಮನಿಗೆ 78 ತುಂಬಿದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ಖರ್ಚನ್ನು ಬಹುಪಾಲು ವಿಮೆಯೇ ಭರಿಸಿತು. ಆರನೇ ದಿನ ಶಿವಮೊಗ್ಗದ ಮನೆಗೆ ಕರೆತಂದಾಗ ದೊಡ್ಡ ಖರ್ಚು ಮುಗಿಯಿತೆಂದುಕೊಂಡೆ. ಅದು ಶುರುವಾದದ್ದೇ ಅಂದಿನಿಂದ.

ಹಗಲೂ ರಾತ್ರಿಯೂ ಜೊತೆಗಿರುವ ಹೋಮ್ ನರ್ಸ್‌ಗೆ ತಿಂಗಳಿಗೆ 24 ಸಾವಿರ, ಊಟ ನಮ್ಮದೇ. ಮನೆಗೆ ಬರುವ ಫಿಸಿಯೋಥೆರಪಿಸ್ಟ್‌ಗೆ ದಿನಕ್ಕೆ 500. ಮೇಲೆ ಡೈಪರ್, ವಾಕರ್, ಬಾಡಿಗೆ ಮಂಚ, ಬೆನ್ನುಹುಣ್ಣಾಗದಿರಲೆಂದು ಏರ್ ಬೆಡ್. ಏಳು ತಿಂಗಳಿಗೆ ಎರಡೂವರೆ ಲಕ್ಷ ದಾಟಿತು. ಔಷಧಿ, ಪರೀಕ್ಷೆಗಳ ರಸೀದಿಗೆ ವಿಮೆಯಿಂದ ಹಣ ಬಂತು. ಆರೈಕೆಯ ಈ ಖರ್ಚಿಗೆ ಬರಲಿಲ್ಲ.

ಅಕ್ಕ ನಾಲ್ಕು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಬಂದಳು. ನಾನು, ತಮ್ಮ ಕಳಿಸಿದ ಹಣಕ್ಕೆಲ್ಲ ಲೆಕ್ಕವಿಟ್ಟೆವು. ಅವಳು ಕಳೆದುಕೊಂಡ ಸಂಬಳ ಆ ಪುಸ್ತಕದಲ್ಲಿ ಇರಲಿಲ್ಲ. ತಡವಾಗಿಯಾದರೂ ಅದನ್ನು ತುಂಬಿಕೊಟ್ಟೆವು. ಅಕ್ಕ ಬೇಡವೆಂದಾಗ ಅಮ್ಮನೇ ಹೇಳಿದರು: “ತಗೋ ಮಗಾ, ನೀನು ಮಾಡಿದ್ದೂ ದುಡಿಮೆಯೇ.”

ಹಿರಿಯರ ಚಿಕಿತ್ಸೆಗೆ ಈಗ ದಾರಿಗಳು ಹೆಚ್ಚಿವೆ. ಆರೋಗ್ಯ ವಿಮೆ ಕೊಳ್ಳಲು ಇದ್ದ 65 ವರ್ಷದ ಮಿತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದಿದೆ. ಅದೇ ವರ್ಷ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ, ಆದಾಯ ಎಷ್ಟೇ ಇರಲಿ, 70 ತುಂಬಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ರಕ್ಷಣೆ ಅದು. ಮನೆಯಲ್ಲಿ ಅಂಥ ಇಬ್ಬರಿದ್ದರೆ ಹಂಚಿಕೊಳ್ಳಬೇಕು. ಆದರೆ ಅದು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಡಿಸ್‌ಚಾರ್ಜ್ ನಂತರದ ಔಷಧಿ, ಪರೀಕ್ಷೆಗೆ ಸಿಗುವುದು 15 ದಿನ ಮಾತ್ರ.

ಹಾಗಾಗಿ ಆರೈಕೆಗೆ ಬೇರೆಯೇ ಗಂಟು ಬೇಕು. ಅಪ್ಪನ ನಿವೃತ್ತಿ ಹಣದಲ್ಲಿ ಉಳಿದಿದ್ದ 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಅಮ್ಮನ ಕೈಸೇರುತ್ತದೆ. ಐದು ವರ್ಷಕ್ಕೆ ಮೊದಲೇ ತೆಗೆದರೆ ಕಡಿತವಿರುವುದರಿಂದ, ಆರು ತಿಂಗಳ ಆರೈಕೆಗೆ ಬೇಕಾಗುವಷ್ಟನ್ನು ಉಳಿತಾಯ ಖಾತೆಯಲ್ಲೇ ಇಟ್ಟಿದ್ದೇವೆ. ಆ ಖಾತೆಗೆ ಅಕ್ಕನ ಹೆಸರೂ ಸೇರಿದೆ. ಅಮ್ಮ ಹಾಸಿಗೆ ಹಿಡಿದಾಗ, ಅವರೊಬ್ಬರ ಹೆಸರಲ್ಲಿದ್ದ ಠೇವಣಿ ಮುರಿಸಲು ಸಹಿಗಾಗಿ ಪಟ್ಟ ಪಾಡು ಇನ್ನೊಮ್ಮೆ ಬೇಡ.

ಬಚ್ಚಲಿಗೆ ಹಿಡಿಕೆ ಹಾಕಿಸಿ, ನುಣುಪು ಟೈಲ್ಸ್ ಬದಲಿಸಲು ಆದ ಖರ್ಚು ಹೋಮ್ ನರ್ಸ್‌ನ ಅರ್ಧ ತಿಂಗಳ ಸಂಬಳದಷ್ಟೂ ಇರಲಿಲ್ಲ. ಅಮ್ಮ ಬೀಳುವ ಮೊದಲೇ ಮಾಡಿಸಬಹುದಿತ್ತು. ಮುಂದಿನ ಸಲ ಊರಿಗೆ ಹೋದಾಗ ಮೊದಲು ಬಚ್ಚಲುಮನೆ ನೋಡಿ, ಆಮೇಲೆ ಪಾಸ್‌ಬುಕ್.