ಒಂದೇ ಚೀಟಿ ನೋಡಿ ಎಚ್‌ಐವಿ ಎಂದು ತೀರ್ಮಾನಿಸಬೇಡಿ

ಶಸ್ತ್ರಚಿಕಿತ್ಸೆಗೋ ಹೆರಿಗೆಗೋ ಮುಂಚೆ ಮಾಡಿಸಿದ ರಕ್ತಪರೀಕ್ಷೆಯ ಚೀಟಿಯಲ್ಲಿ ‘ಎಚ್‌ಐವಿ ರಿಯಾಕ್ಟಿವ್’ ಎಂದು ಬಂದರೆ ಮನೆಮಂದಿಯ ಜೀವವೇ ಹಾರಿದಂತಾಗುತ್ತದೆ. ಸೊಸೆಯನ್ನು ತವರಿಗೆ ಕಳಿಸುವ ಮಾತು ಅಂದೇ ಸಂಜೆ ಬರುತ್ತದೆ. ಆದರೆ ಆ ಚೀಟಿ ನಿಜವಾಗಿ ಹೇಳುವುದೇನು?

ಸಾಮಾನ್ಯವಾಗಿ ಮಾಡುವ ಈ ಪರೀಕ್ಷೆ ಮುಖ್ಯವಾಗಿ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಒಂದೊಂದು ಬೀಗಕ್ಕೆ ಒಂದೊಂದು ಕೀಲಿಕೈ ಇದ್ದಂತೆ, ಒಂದೊಂದು ರೋಗಾಣುವಿನ ಭಾಗಕ್ಕೆ ಒಂದೊಂದು ಪ್ರತಿಕಾಯ. ವೈರಾಣುವಿನ ಪ್ರೋಟೀನಿನ ಚಿಕ್ಕ ತುಣುಕನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಬಹುದು. ಇದಕ್ಕೆ ಪೆಪ್ಟೈಡ್ ಎನ್ನುತ್ತಾರೆ. ಹಲವು ಕಿಟ್‌ಗಳಲ್ಲಿ ಇಂಥ ತುಣುಕುಗಳನ್ನು ಅಂಟಿಸಿರುತ್ತಾರೆ. ರಕ್ತದಲ್ಲಿ ಹೊಂದುವ ಪ್ರತಿಕಾಯವಿದ್ದರೆ ಅದು ಬಂದು ಅಂಟಿಕೊಳ್ಳುತ್ತದೆ, ಗೆರೆಯೋ ಚುಕ್ಕೆಯೋ ಮೂಡುತ್ತದೆ.

ಕೆಲವೊಮ್ಮೆ ಬೇರೆ ಬೀಗದ ಕೀಲಿಕೈಯೂ ಈ ಬೀಗಕ್ಕೆ ಹೊಂದಿಬಿಡುತ್ತದೆ. ಬೇರೆ ಸೋಂಕು ಅಥವಾ ಕಾಯಿಲೆಯಿಂದ ಹುಟ್ಟಿದ ಪ್ರತಿಕಾಯವೂ ಅಪರೂಪಕ್ಕೆ ಅಂಟಿಕೊಳ್ಳಬಹುದು. ಸಂಶೋಧಕರು ಇದನ್ನು ಒಂದು ಜಾಣ ಉಪಾಯದಿಂದ ಪರೀಕ್ಷಿಸುತ್ತಾರೆ. ಪ್ರತಿಕಾಯಕ್ಕೆ ಅದೇ ಪೆಪ್ಟೈಡನ್ನು ಮೊದಲೇ ಧಾರಾಳವಾಗಿ ಬೆರೆಸಿಡುತ್ತಾರೆ. ಪ್ರತಿಕಾಯ ಅದನ್ನೇ ಹುಡುಕುತ್ತಿದ್ದರೆ ಅದರ ಕೈ ಅಲ್ಲೇ ತುಂಬಿ, ಆಮೇಲೆ ಗೆರೆ ಮೂಡುವುದಿಲ್ಲ. ಗೆರೆ ಹಾಗೇ ಉಳಿದರೆ ಅದು ಬೇರೆ ಯಾವುದಕ್ಕೋ ಅಂಟುತ್ತಿದೆ ಎಂದರ್ಥ. ಇದು ಸಂಶೋಧನೆಯ ವಿಧಾನ. ಆಸ್ಪತ್ರೆಯಲ್ಲಿ ಅದೇ ಸಂಶಯವನ್ನು ಬೇರೆ ಬೇರೆ ಕಿಟ್‌ಗಳಿಂದ ನಿವಾರಿಸುತ್ತಾರೆ.

ಒಂದು ಲೆಕ್ಕ ನೋಡಿ. 1,000 ಜನರಲ್ಲಿ 10 ಜನರಿಗೆ ಸೋಂಕಿದೆ ಎನ್ನೋಣ. ಸೋಂಕಿಲ್ಲದ 100 ಜನರಲ್ಲಿ ಒಬ್ಬರಿಗೆ ಮಾತ್ರ ತಪ್ಪಾಗಿ ರಿಯಾಕ್ಟಿವ್ ತೋರಿಸುವ ಕಿಟ್ ಕೂಡ ಉಳಿದ 990 ಜನರಲ್ಲಿ ಸುಮಾರು 10 ಜನರನ್ನು ಸುಮ್ಮನೆ ಹೆದರಿಸುತ್ತದೆ. ಅಂದರೆ ರಿಯಾಕ್ಟಿವ್ ಬಂದವರಲ್ಲಿ ಅರ್ಧದಷ್ಟು ಜನರಿಗೆ ಸೋಂಕೇ ಇಲ್ಲ!

ಆದ್ದರಿಂದಲೇ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ನಿಯಮದ ಪ್ರಕಾರ, ರೋಗಲಕ್ಷಣಗಳಿಲ್ಲದವರಿಗೆ ಮೂರು ಬೇರೆ ಬೇರೆ ಕಿಟ್‌ಗಳಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ಎಚ್‌ಐವಿ ಪಾಸಿಟಿವ್ ಎನ್ನಬೇಕು. ಫಲಿತಾಂಶ ಸ್ಪಷ್ಟವಾಗದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ.

ಇನ್ನೆರಡು ಮಾತು ನೆನಪಿಡಿ. ಸೋಂಕು ತಗುಲಿದ ಮೊದಲ ಕೆಲವು ವಾರ ಪ್ರತಿಕಾಯ ಇನ್ನೂ ತಯಾರಾಗಿರುವುದಿಲ್ಲ. ಸಂಶಯವಿದ್ದರೆ ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿಕೊಳ್ಳಿ. ಸೋಂಕಿತ ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರಬಹುದು. ಅಂಥ ಕೂಸುಗಳಿಗೆ ವೈರಾಣುವನ್ನೇ ಹುಡುಕುವ ಬೇರೆ ಪರೀಕ್ಷೆ ಬೇಕು.

ನಮ್ಮ ಬಾಗಲಕೋಟೆ ಜಿಲ್ಲೆ ಈ ರೋಗದ ಬಿಸಿಯನ್ನು ಚೆನ್ನಾಗಿ ಕಂಡಿದೆ. 2000ರ ದಶಕದ ಆರಂಭದಲ್ಲಿ ಇಲ್ಲಿ ಗರ್ಭಿಣಿಯರಲ್ಲೇ ಸೋಂಕು ಶೇ. 1ನ್ನು ಮೀರಿತ್ತು. ಹಾಗಾಗಿ ಪರೀಕ್ಷೆಯಿಂದ ತಪ್ಪಿಸಿಕೊಳ್ಳುವುದೂ ಸರಿಯಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದವರು ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ ಹೋಗಿರಿ. ಅಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. 1097ಕ್ಕೆ ಫೋನ್ ಮಾಡಿಯೂ ಸಲಹೆ ಕೇಳಬಹುದು. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಫಲಿತಾಂಶ ಬಯಲು ಮಾಡುವುದನ್ನೂ 2017ರ ಎಚ್‌ಐವಿ ಕಾಯಿದೆ ನಿಷೇಧಿಸುತ್ತದೆ.

ಸೋಂಕು ಖಚಿತವಾದರೂ ಎದೆಗುಂದಬೇಡಿ. ಸರ್ಕಾರ 2004ರಿಂದ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಬೇಗ ಆರಂಭಿಸಿ ತಪ್ಪದೆ ನುಂಗಿದರೆ ಎಲ್ಲರಂತೆ ದೀರ್ಘಕಾಲ ಬಾಳಬಹುದು. ಗರ್ಭಿಣಿಯಿಂದ ಮಗುವಿಗೆ ತಗುಲುವ ಸಂಭವ ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ಮೊದಲ ಚೀಟಿ ಬಂದಾಗ ಮಾಡಬೇಕಾದದ್ದು ಖಚಿತ ಪರೀಕ್ಷೆ. ಮನೆಯಲ್ಲಿ ನ್ಯಾಯ ಪಂಚಾಯಿತಿಯಲ್ಲ.