ನಿದ್ರೆಯೂ ಸ್ಮರಣಶಕ್ತಿಯೂ

ಮನುಷ್ಯನು ತನ್ನ ಆಯುಷ್ಯದ ಸುಮಾರು ಮೂರನೆಯ ಒಂದಂಶವನ್ನು ನಿದ್ರೆಯಲ್ಲಿ ಕಳೆಯುತ್ತಾನೆ. ಅದು ವ್ಯರ್ಥವಾಗಿ ಹೋದ ಕಾಲವೆಂದು ಅನೇಕರು ಭಾವಿಸುವರು. ಪರೀಕ್ಷೆ ಸಮೀಪಿಸಿದೊಡನೆ ವಿದ್ಯಾರ್ಥಿಗಳು ಮೊದಲು ಕಡಿಮೆ ಮಾಡುವುದು ನಿದ್ರೆಯನ್ನೇ. ಇದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ನಾವು ವಿಚಾರಿಸೋಣ.

1924ರಲ್ಲಿ ಅಮೇರಿಕೆಯ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬ ಮನಶ್ಶಾಸ್ತ್ರಜ್ಞರು ಇಬ್ಬರು ವಿದ್ಯಾರ್ಥಿಗಳಿಂದ ಅರ್ಥವಿಲ್ಲದ ಹತ್ತು ಹತ್ತು ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಕಲಿತ ಬಳಿಕ ಎಂಟು ತಾಸು ಎಚ್ಚರವಿದ್ದಾಗ ಹತ್ತರಲ್ಲಿ ಸುಮಾರು ಒಂದು ಮಾತ್ರ ನೆನಪಿನಲ್ಲಿ ಉಳಿಯಿತು. ಎಂಟು ತಾಸು ನಿದ್ರಿಸಿದಾಗಲಾದರೋ ಅರ್ಧಕ್ಕಿಂತ ಹೆಚ್ಚು ಉಳಿದವು.

ಇದಕ್ಕೆ ಕಾರಣವೇನು? ಹಗಲಿನಲ್ಲಿ ಕಲಿತದ್ದು ಮೊದಲು ಮಿದುಳಿನ ಒಳಗಿರುವ ‘ಹಿಪೊಕ್ಯಾಂಪಸ್’ ಎಂಬ ಭಾಗದ ಆಸರೆಯಲ್ಲಿ ನಿಲ್ಲುತ್ತದೆ. ಗಾಢನಿದ್ರೆಯಲ್ಲಿ ಮಿದುಳು ಅದನ್ನು ಮತ್ತೆ ಮತ್ತೆ ಮೆಲುಕು ಹಾಕಿ ಹೊರಪದರದಲ್ಲಿ ನೆಲೆಗೊಳಿಸುತ್ತದೆ. ಕಣದಲ್ಲಿ ರಾಶಿ ಹಾಕಿದ ಕಾಳನ್ನು ಹಗೇವಿಗೆ ತುಂಬುವ ಕಾರ್ಯದಂತೆ ಇದು. ರಾಶಿ ಎಷ್ಟೇ ದೊಡ್ಡದಿರಲಿ, ತುಂಬಿಡದಿದ್ದರೆ ಫಲವೇನು?

ಈ ಕಾರ್ಯವು ಎಲ್ಲ ವಯಸ್ಸಿನಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಶಿಶುಗಳು ಹೊಸದೊಂದನ್ನು ಕಲಿತ ಕೆಲವೇ ತಾಸುಗಳೊಳಗೆ ಅರ್ಧ ತಾಸಾದರೂ ಮಲಗಿದರೆ ಅದನ್ನು ಮರುದಿನವೂ ನೆನೆಯುತ್ತವೆಂದು 2015ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದು ತೋರಿಸಿತು. ಆದುದರಿಂದ ತೊಟ್ಟಿಲ ನಿದ್ರೆಯೂ ಕಲಿಕೆಯ ಭಾಗವೇ. ಬಾಲ್ಯದಲ್ಲಿ ಗಾಢನಿದ್ರೆ ಸಮೃದ್ಧವಾಗಿರುತ್ತದೆ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ತಾಸು ನಿದ್ರೆ ಬೇಕು. 13ರಿಂದ 18ರ ವಯಸ್ಸಿನಲ್ಲಿ 8ರಿಂದ 10 ತಾಸು ಅವಶ್ಯ. ಆದರೆ ಈ ವಯಸ್ಸಿನಲ್ಲಿ ದೇಹದ ಒಳಗಡಿಯಾರವು ಹಿಂದೆ ಬೀಳುವುದರಿಂದ ರಾತ್ರಿ ಬೇಗ ನಿದ್ರೆ ಬಾರದು, ಮುಂಜಾನೆ ಬೇಗ ಎಚ್ಚರವಾಗದು. ಇದನ್ನು ಕೇವಲ ಸೋಮಾರಿತನವೆಂದು ಪಾಲಕರು ಬೈಯಬಾರದು.

ವಯಸ್ಕರಿಗೆ 7 ತಾಸಾದರೂ ಬೇಕು. ವಯಸ್ಸು ಏರಿದಂತೆ ಗಾಢನಿದ್ರೆ ಕ್ಷೀಣಿಸಿ ನಡುನಡುವೆ ಎಚ್ಚರವಾಗುತ್ತದೆ. ಮುದುಕರ ಮರೆವಿಗೆ ಇದೂ ಒಂದು ಕಾರಣ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಪಶ್ಯನ ಧ್ಯಾನವನ್ನು ರೂಢಿಸಿಕೊಂಡವರಲ್ಲಿ ನಡುವಯಸ್ಸು ದಾಟುವಾಗಲೂ ಗಾಢನಿದ್ರೆಯು ಇತರರಿಗಿಂತ ಚೆನ್ನಾಗಿ ಉಳಿದಿದ್ದುದು ಕಂಡುಬಂದಿತು. ಶಾಂತಚಿತ್ತಕ್ಕೂ ಸುಖನಿದ್ರೆಗೂ ನಂಟುಂಟು.

ಗಡಿನಾಡಿನ ನಮ್ಮ ಮಕ್ಕಳು ಕನ್ನಡದೊಡನೆ ಮರಾಠಿ, ಹಿಂದಿ, ಇಂಗ್ಲಿಷುಗಳನ್ನೂ ಕಲಿಯಬೇಕಾಗಿದೆ. ಇತರರಿಗಿಂತ ಇವರ ನೆನಪಿನ ಮೇಲೆ ಹೊರೆ ಹೆಚ್ಚು. ಬಿದ್ರಿಯಂಥ ಊರಿನಲ್ಲಿ ಚಳಿಗಾಲವೆಂದರೆ ಸಕ್ಕರೆ ಕಾರಖಾನೆಯ ಹಂಗಾಮು. ರಾತ್ರಿಯಿಡೀ ಕಬ್ಬಿನ ಗಾಡಿಗಳ ಸದ್ದು, ಮನೆಯ ಹಿರಿಯರಿಗೆ ರಾತ್ರಿಪಾಳಿ. ಅದರ ಬೆನ್ನಿಗೇ ಪರೀಕ್ಷೆ. ಇಂಥ ಮನೆಗಳಲ್ಲಿ ಮಕ್ಕಳ ಹಾಸಿಗೆಯನ್ನು ಬೀದಿಯಿಂದ ದೂರದ ಮೂಲೆಯಲ್ಲಿ ಹಾಸುವುದು, ದೀಪವನ್ನು ಬೇಗ ಆರಿಸುವುದು, ಮೊಬೈಲನ್ನು ಹಾಸಿಗೆಯ ಬಳಿಗೆ ತಾರದಿರುವುದು, ಇವು ಖರ್ಚಿಲ್ಲದ ಉಪಾಯಗಳು. ಪಾಳಿ ಮುಗಿಸಿ ಬಂದವರಿಗೂ ಹಗಲಿನಲ್ಲಿ ಕತ್ತಲೆಯ ಕೋಣೆಯನ್ನು ಬಿಟ್ಟುಕೊಡಬೇಕು.

ವಿದ್ಯಾರ್ಥಿಗಳೇ, ಪಾಠವನ್ನು ಸಂಜೆ ಓದಿರಿ, ಮಲಗುವ ಮುನ್ನ ಒಮ್ಮೆ ನೆನೆಯಿರಿ, ನಿಶ್ಚಿಂತೆಯಿಂದ ನಿದ್ರಿಸಿರಿ, ಮುಂಜಾನೆ ಪುಸ್ತಕ ನೋಡದೆ ಹೇಳಿಕೊಳ್ಳಿರಿ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣುರಿಸಿ ಓದಿದ್ದಕ್ಕಿಂತ, ದಿನದಿನವೂ ಓದಿ ಮಲಗಿದ್ದೇ ಹೆಚ್ಚು ಕಾಲ ನಿಮ್ಮದಾಗಿ ಉಳಿಯುವುದು.